ಸ್ಲೈಡಮ್ಮನ ಎರಡನೇ ಸ್ಲೈಡು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸ್ಲೈಡಮ್ಮ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದಿಂದ ಒಂದೇ ಕೆಲಸ: ಬೆಚ್ಚಗಿನ ಕಡಲಿನಿಂದ ತಂದ ಸ್ಪಂಜನ್ನು ಆಸಿಡ್‌ನಲ್ಲಿ ಕುದಿಸುವುದು. ಪಾತ್ರೆ ತಿಕ್ಕುವ ಸ್ಪಂಜಲ್ಲ ಸ್ವಾಮಿ, ಬಂಡೆಗೆ ಅಂಟಿ ಬದುಕುವ ಪ್ರಾಣಿ! ಕಡಲೆಕಾಳಿನಷ್ಟು ಚೂರು ಕುದಿಸಿದರೆ ಮೆತ್ತನೆ ಮೈಯೆಲ್ಲ ಕರಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನಂಥ ಮುಳ್ಳುಗಳು ಟ್ಯೂಬಿನ ತಳದಲ್ಲಿ ಉಳಿಯುತ್ತವೆ. ಅವನ್ನು ಸ್ಲೈಡಿಗೆ ಹಾಕಿ ಕೊಟ್ಟರೆ, ಮುಳ್ಳಿನ ಆಕಾರ ನೋಡಿ ಡಾಕ್ಟರು ಜಾತಿ ಹೇಳುತ್ತಿದ್ದರು. ಡಾಕ್ಟರೆಂದರೆ ಔಷಧಿ ಕೊಡುವವರಲ್ಲ, ಸ್ಪಂಜು ಬಿಟ್ಟರೆ ಬೇರೆ ಲೋಕವೇ ಇಲ್ಲದ ವಿಜ್ಞಾನಿ.

ಹೋದ ತಿಂಗಳು ಅವರು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ ಕೂಗಿಯೇಬಿಟ್ಟಿದ್ದರು.

"ಸ್ಲೈಡಮ್ಮಾ, ನಕ್ಷತ್ರ! ಇಂಥಾ ಸ್ಪಂಜಲ್ಲಿ ನಕ್ಷತ್ರದ ಆಕಾರದ ಮುಳ್ಳು ಯಾರೂ ನೋಡಿಲ್ಲ. ಹೊಸ ಜಾತಿ ಇದು! ನಿಮ್ಮ ಹೆಸರೇ ಇಡ್ತೀನಿ."

ಮನೆಯಲ್ಲಿ ಗಂಡ ಎರಡು ದಿನ "ಏನ್ರೀ ಸ್ಪಂಜಮ್ಮನೋರೇ" ಎಂದು ರೇಗಿಸಿದ್ದ.

ಇವತ್ತು ಬೆಳಿಗ್ಗೆ ಟ್ಯೂಬು ತೊಳೆಯುತ್ತಿದ್ದವಳಿಗೆ ಫಕ್ಕನೆ ನೆನಪಾಯಿತು. ಆ ಸ್ಲೈಡು ಮಾಡಿದ ದಿನ, ಅತ್ತೆ ಬಚ್ಚಲಲ್ಲಿ ಜಾರಿಬಿದ್ದರೆಂದು ಫೋನು ಬಂದಿತ್ತು. ಮೂರು ಸಲ ತೊಳೆಯಬೇಕಾದ ಟ್ಯೂಬನ್ನು ಗಡಿಬಿಡಿಯಲ್ಲಿ ಒಂದೇ ಸಲ ಜಾಲಾಡಿಸಿದ್ದಳು. ಅದಕ್ಕೆ ಮುಂಚೆ ಅದರಲ್ಲಿ ಕುದಿಸಿದ್ದು ಬೇರೆ ಸ್ಪಂಜು. ನಕ್ಷತ್ರದ ಮುಳ್ಳಿರುವ ಮಾಮೂಲಿ ಸ್ಪಂಜು!

ಅಯ್ಯೋ ದೇವರೇ! ಆ ಹೊಸ ಜಾತಿಯ ಬಗ್ಗೆ ಡಾಕ್ಟರು ಬರೆದ ಲೇಖನ ನಾಳೆಯೇ ಅಚ್ಚಿಗೆ ಹೋಗುವುದಿತ್ತು. ಹೇಳಿದರೆ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಒಂದು ಸುಳ್ಳಿಗೆ ತನ್ನದೇ ಹೆಸರು. ಬಾಗಿಲು ಓರೆ ಮಾಡಿ, ಜಾಡಿಯಲ್ಲಿದ್ದ ಅದೇ ಸ್ಪಂಜಿನ ಇನ್ನೊಂದು ಚೂರು ಕತ್ತರಿಸಿ, ಹೊಸ ಟ್ಯೂಬಿನಲ್ಲಿ ಕುದಿಸಿ, ಸ್ಲೈಡು ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ನೆಟ್ಟಗಿನ ಮುಳ್ಳುಗಳು ರಾಶಿ ರಾಶಿ. ನಕ್ಷತ್ರ ಒಂದೂ ಇಲ್ಲ.

ಸ್ಲೈಡು ಹಿಡಿದು ಡಾಕ್ಟರ ಕೋಣೆಗೆ ಹೋಗಿ ಎಲ್ಲ ಒದರಿದಳು. ಬೈಸಿಕೊಳ್ಳಲು ಮೈ ಬಿಗಿಹಿಡಿದು ನಿಂತಳು. ಅವರು ಬೈಯಲಿಲ್ಲ. ಎದ್ದುಹೋಗಿ ಬಾಗಿಲು ಹಾಕಿದರು.

"ಇದನ್ನ ಬೇರೆ ಯಾರಾದ್ರೂ ನೋಡಿದಾರಾ?"

"ಇಲ್ಲ ಸಾರ್."

"ಹಾಗಾದ್ರೆ ತೊಳೆದುಬಿಡಿ. ನನಗಿನ್ನು ಆರು ತಿಂಗಳು ಸರ್ವೀಸು ಇರೋದು. ಇಷ್ಟು ವರ್ಷಕ್ಕೆ ನನ್ನದು ಅಂತ ಸಿಕ್ಕಿದ್ದು ಇದೊಂದೇ, ಸ್ಲೈಡಮ್ಮ."

ಇಷ್ಟು ಹೊತ್ತು ಅವಳು ಹೆದರಿದ್ದು ಈ ಮನುಷ್ಯನ ಕೋಪಕ್ಕೆ. ಈಗ ಅದಕ್ಕಿಂತ ಹೆಚ್ಚು ಹೆದರಿದಳು, ಯಾಕೆಂದರೆ ಹೂಂ ಅನ್ನುವುದು ತೀರಾ ಸುಲಭವಾಗಿತ್ತು. ಕೆಲಸ ಉಳಿಯುತ್ತದೆ, ಹೆಸರೂ ಉಳಿಯುತ್ತದೆ. ಒಂದು ಸ್ಲೈಡು ತೊಳೆಯಲು ಎಷ್ಟು ಹೊತ್ತು?

"ಆಗಲ್ಲ ಸಾರ್," ಅಂದಳು.

ಚೀಟಿ ಬರೆದು ಹೊಸ ಸ್ಲೈಡಿಗೆ ಅಂಟಿಸಿದಳು: ಜಾಡಿಯ ನಂಬರು, ತಾರೀಖು, 'ನಕ್ಷತ್ರ ಇಲ್ಲ'. ಯಾರು ತೆರೆದರೂ ಎರಡೂ ಕಾಣುವಂತೆ, ಮೊದಲನೇ ಸ್ಲೈಡಿನ ಪಕ್ಕದಲ್ಲೇ ಸ್ಲೈಡುಪೆಟ್ಟಿಗೆಗೆ ಸೇರಿಸಿದಳು. ಡಾಕ್ಟರು ಮೇಜಿಗೆ ತಲೆಯಾನಿಸಿ ಅತ್ತುಬಿಟ್ಟರು. ಸಮಾಧಾನ ಹೇಳಹೋದರೆ ಎಲ್ಲಿ ಹೂಂ ಅಂದುಬಿಡುತ್ತೇನೋ ಎಂದು ಅವಳಿಗೆ ಹೆದರಿಕೆಯಾಯಿತು.