ಕಬ್ಬು ಕಟ್ಟಿದ ಮೇಲೆ ಸುಮ್ಮನಾದ ಸೆನ್ಸರ್

ಎಮ್ಮೆಗೆ ನೀರು ತುಂಬುವ ಕಲ್ಲಿನ ದೋಣಿಗೆ ನನ್ನ ಕಾರಿನ ಹಿಂದಿನ ಬಂಪರು ತಾಗಿದ್ದು ದಸರೆಯಲ್ಲಿ ಗಾಡಿಗಳಿಗೆ ಮಾಡುವ ಖಂಡೆ ಪೂಜೆಯಾದ ಮರುವಾರ. ಅಂಗಳದಲ್ಲಿದ್ದ ಮಾವನವರು ಸೀಳು ಬಿದ್ದ ಬಂಪರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ತೀರ್ಪು ಕೊಟ್ಟೇಬಿಟ್ಟರು.

"ಸೋಮಾರದಿಂದ ಡ್ರೈವರ್ ಬರ್ತಾನ. ಕೀ ಗ್ವಾಡಿ ಮಾಡದಾಗ ಇಡು."

ನನಗೆ ಮೈಯೆಲ್ಲ ಉರಿಯಿತು. ಇಂಡಿಯಿಂದ ಹೊರ್ತಿಯ ಶಾಲೆಗೆ ದಿನಾ ನಾನೇ ಓಡಿಸಿಕೊಂಡು ಹೋಗುತ್ತೇನೆ. ಕಬ್ಬಿನ ಟ್ರ್ಯಾಕ್ಟರು, ಲಾರಿ, ರಸ್ತೆಗೆ ಅಡ್ಡ ನಿಂತ ಎಮ್ಮೆ ಎಲ್ಲವನ್ನೂ ದಾಟಿಸಿದ ಕೈ ಇದು. ಮೇಲಾಗಿ, ಮನೆ ಮತ್ತು ಶಾಲೆಯ ನಡುವೆ ಯಾರೂ ನನ್ನನ್ನು ಏನೂ ಕೇಳದ ಹೊತ್ತು ಅದೊಂದೇ. ಅದನ್ನು ಬಿಟ್ಟುಕೊಟ್ಟು ಹಿಂದಿನ ಸೀಟಿನಲ್ಲಿ ಕೂರುವವಳು ನಾನಲ್ಲ.

"ಮಾವಾ, ಸೆನ್ಸರ್ ಒದರಲಿಲ್ರಿ. ಒದರಿದ್ರ ನಾ ನಿಂದರ್ಸತಿದ್ದೆ."

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದಿದ್ಳಂತ."

ಆಯಿತು, ನೆಲವೇ ಡೊಂಕೆಂದು ತೋರಿಸುತ್ತೇನೆ ಎಂದು ರವಿವಾರ ಬೆಳಿಗ್ಗೆ ಸೆರಗು ಸಿಕ್ಕಿಸಿ ಕೂತೆ. ಪ್ರತಿಧ್ವನಿಯ ಪಾಠವನ್ನು ವರ್ಷವೂ ಮಾಡುವ ವಿಜ್ಞಾನದ ಟೀಚರು ನಾನು. ಬಂಪರಿನ ನಾಲ್ಕು ಗುಂಡನೆಯ ಸೆನ್ಸರುಗಳು ಮಾಡುವುದೂ ಅದನ್ನೇ: ನಮಗೆ ಕೇಳದ ಸದ್ದು ಬಿಡುವುದು, ಅದು ತಾಗಿ ಮರಳುವ ಹೊತ್ತು ಅಳೆದು, ಅಡ್ಡ ಇರುವುದು ಹತ್ತಿರವಾದರೆ ಕೂಗುವುದು. ನಾಲ್ಕರ ಮೇಲೂ ಪೂಜೆಯ ವಿಭೂತಿ ಒಣಗಿ ಗಟ್ಟಿಯಾಗಿತ್ತು. ಮೊದಲು ಅದನ್ನೇ ಅನುಮಾನಿಸಿ ಒದ್ದೆ ಬಟ್ಟೆಯಿಂದ ಒರೆಸಿದೆ. ಎಂಜಿನ್ ಚಾಲೂ ಮಾಡದೆ ಕೀ ಮಾತ್ರ ತಿರುಗಿಸಿ, ರಿವರ್ಸ್ ಗೇರಿಗೆ ಹಾಕಿ, ಒಂದೊಂದಕ್ಕೂ ಬೆರಳು ಹಚ್ಚಿದೆ. ಮೂರು ಟಿಕ್ ಟಿಕ್ ಎಂದು ಮಿಡಿದವು. ದೋಣಿಗೆ ತಾಗಿದ ಮೂಲೆಯದು ಮಾತ್ರ ಸತ್ತಂತಿತ್ತು.

ಇಲ್ಲಿಗೇ ಹೊಸ ಸೆನ್ಸರ್ ತರಲು ಓಡುವವರಿದ್ದಾರೆ. ನಾನು ಬಂಪರಿನ ಕೆಳಗಿನ ಸ್ಕ್ರೂ ಬಿಚ್ಚಿ, ಒಳಗೆ ಕೈ ಹಾಕಿ, ಆ ಸೆನ್ಸರಿಗೆ ಪಕ್ಕದ್ದರ ವಾಯರು ಸಿಕ್ಕಿಸಿದೆ. ಟಿಕ್ ಟಿಕ್! ಸೆನ್ಸರ್ ಗಟ್ಟಿಮುಟ್ಟಾಗಿತ್ತು, ಕೆಟ್ಟದ್ದು ಅದರ ಸ್ವಂತ ವಾಯರು. ಆ ವಾಯರಿನ ಗುಂಟ ಕೈ ಸರಿಸುತ್ತ ಹೋದರೆ ನಡುವಿನ ಜೋಡಣೆಯೇ ಕಿತ್ತು ಬಂದಿತ್ತು. ಅದಕ್ಕೊಂದು ಸೆಣಬಿನ ಸುತಳಿ ಬಿಗಿದುಕೊಂಡಿತ್ತು, ಸುತಳಿಯಲ್ಲಿ ಕಬ್ಬಿನ ಒಣಗಿದ ಗರಿ, ರವದಿ.

ಪೂಜೆಯ ದಿನ ಕಾರಿಗೆ ಕಬ್ಬು ಕಟ್ಟಿದವರು ಮಾವನವರು. ನುಣುಪಾದ ಬಂಪರಿಗೆ ಗಂಟು ನಿಲ್ಲದೆ ಸುತಳಿಯನ್ನು ಒಳಕ್ಕೆ ತೂರಿಸಿ ಕಟ್ಟಿದ್ದರು. ಮರುದಿನ ಗಂಟು ಬಿಚ್ಚದೆ ಕಬ್ಬನ್ನು ಎರಡೂ ಕೈಯಿಂದ ಜಗ್ಗಿ ಕಿತ್ತಿದ್ದರು.

ಗೆದ್ದ ಸೊಕ್ಕಿನಲ್ಲೇ ಕರೆದೆ. "ಮಾವಾ, ಬರ್ರಿ ಇಲ್ಲೆ. ಈ ಗಂಟು ಯಾರದು, ನೋಡಿ ಹೇಳ್ರಿ."

ಅವರು ಬಗ್ಗಿ ಗಂಟು ಮುಟ್ಟಿ ನೋಡಿದರು. "ನಂದ ಐತಿ," ಎಂದರು.

ಸುತಳಿ ಕತ್ತರಿಸಿ, ಜೋಡಣೆ ಒತ್ತಿ ಕೂಡಿಸಿ, ಟೇಪು ಸುತ್ತಿದೆ. ಪರೀಕ್ಷೆಗೆ ಕಾರಿನ ಹಿಂದೆ ಏನಾದರೂ ಇಡಬೇಕಿತ್ತು. ಖಾಲಿ ಡಬ್ಬಿ ತರಲು ಎದ್ದರೆ ಮಾವನವರು ತಡೆದರು.

"ಡಬ್ಬಿ ಯಾಕ? ನಾ ನಿಂದರ್ತೇನಿ."

ಧೋತರ ಎತ್ತಿ ಕಟ್ಟಿ, ಕಲ್ಲಿನ ದೋಣಿಗೆ ಕಾಲು ಹಚ್ಚಿ, ಸರಿಯಾಗಿ ಆ ಮೂಲೆಯ ಎದುರಿಗೇ ನಿಂತುಬಿಟ್ಟರು.

"ಬ್ಯಾಡ್ರಿ ಮಾವಾ, ಹಿಂದ ಸರಿಯಾಕ ಜಾಗಾ ಇಲ್ಲ."

"ಗೊತ್ತೈತಿ. ನೀ ಬಾ."

ಬೆಳಿಗ್ಗೆಯಿಂದ ಒಮ್ಮೆಯೂ ಅಳುಕದ ನಾನು ಈಗ ಬ್ರೇಕಿನಿಂದ ಕಾಲು ತೆಗೆಯಲು ಹಿಂದೆಮುಂದೆ ನೋಡಿದೆ. ಕನ್ನಡಿಯಲ್ಲಿ ಅವರ ರುಮಾಲು, ಮುಖ ಮಾತ್ರ ಕಾಣುತ್ತಿದ್ದವು. ಗೇಣು ಗೇಣಾಗಿ ಹಿಂದೆ ಬಿಟ್ಟೆ. ಸೆನ್ಸರ್ ಬಿಟ್ಟು ಬಿಟ್ಟು ಕೂಗಿತು, ಆಮೇಲೆ ಬೇಗ ಬೇಗ, ಆಮೇಲೆ ಒಂದೇ ಸಮನೆ. ಗಕ್ಕನೆ ನಿಲ್ಲಿಸಿ ಇಳಿದು ನೋಡಿದರೆ ಬಂಪರಿಗೂ ಅವರ ಮೊಳಕಾಲಿಗೂ ನಡುವೆ ಒಂದು ಗೇಣು. ಅವರು ನಿಂತಲ್ಲಿಂದ ಕದಲಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಕಣ್ಣು ತುಂಬಿ ಬಂತು.

"ಡ್ರೈವರಗ ಬರಬ್ಯಾಡ ಅಂತ ಹೇಳ್ತೇನಿ," ಎಂದರು. "ಈಗ ಗಾಡಿ ಮುಂದ ತಗಿ ಯವ್ವಾ, ನಾ ಹೊರಗ ಬರಬೇಕು."