ಹನ್ನೆರಡು ಬೇಸಿಗೆಯ ಮುಡಿ

ವಿಜಯವಾಡದ ಪಟಮಟ ಬಡಾವಣೆಯ ಶಾರದಮ್ಮ ಎಂದರೆ ಮಹಾ ದೈವಭಕ್ತೆ ಎಂದೇ ಬೀದಿಗೆಲ್ಲ ಹೆಸರು. ಪ್ರತಿ ಬೇಸಿಗೆಯಲ್ಲೂ ತಂಗಿಯ ಮಗಳು ಅಮೂಲ್ಯಳನ್ನು ಕೃಷ್ಣೆಯ ದಡಕ್ಕೆ ಕರೆದೊಯ್ದು, ದುರ್ಗಮ್ಮನಿಗೆ ಮುಡಿ ಕೊಡಿಸಿ, ಬೋಳುತಲೆಗೆ ಗಂಧ ಹಚ್ಚಿ ಕರೆತರುತ್ತಿದ್ದಳು. ಹುಡುಗಿಗೆ ಐದು ವರ್ಷವಾದಾಗಿನಿಂದ ಹದಿನಾರರವರೆಗೆ ಒಂದು ಸಲವೂ ತಪ್ಪಿಸಲಿಲ್ಲ. "ಏಂ ಮೊಕ್ಕು ಅಮ್ಮಾ?" ಎಂದು ಪಕ್ಕದವರು ಹರಕೆಯ ಬಗ್ಗೆ ಕೇಳಿದರೆ, ಮಗುವಿನ ಆರೋಗ್ಯಕ್ಕೆ ಎನ್ನುವ ಉತ್ತರ ಸದಾ ಸಿದ್ಧ.

ಹರಕೆಯೂ ಇಲ್ಲ, ಮಣ್ಣೂ ಇಲ್ಲ! ಆ ಗುಂಗುರು ಕೂದಲು ಬೆಳೆದು ಜನರ ಕಣ್ಣಿಗೆ ಬೀಳಬಾರದು, ಅಷ್ಟೇ.

ಶಾರದಮ್ಮ ಮಂಡ್ಯದ ಕಡೆಯವಳು. ಗಂಡ ಅಶ್ವತ್ಥ ವಿಶಾಖಪಟ್ಟಣ ಬಂದರಿನಲ್ಲಿ ಗುಮಾಸ್ತನಾಗಿದ್ದ. ಅವರ ಮನೆಯಲ್ಲಿದ್ದುಕೊಂಡು ನರ್ಸ್ ಕೆಲಸಕ್ಕೆ ಹೋಗುತ್ತಿದ್ದ ತಂಗಿ ಸುಮಿತ್ರಾ, ಘಾನಾ ದೇಶದ ಹಡಗಿನ ಎಂಜಿನಿಯರ್ ಜೋಸೆಫ್‌ನನ್ನು ಮೆಚ್ಚಿದಳು. ಅವನು ಸಮುದ್ರದಲ್ಲಿದ್ದಾಗಲೇ ಅಮೂಲ್ಯ ಹುಟ್ಟಿದಳು. ಎಂಟು ತಿಂಗಳಿಗೆ ಕಾಮಾಲೆ ಸುಮಿತ್ರಾಳನ್ನು ಕೊಂಡೊಯ್ಯಿತು. ಸಾಯುವಾಗ ಅಕ್ಕನ ಕೈಗೆ ಒಂದು ಅಂಟಿಸಿದ ಲಕೋಟೆ ಕೊಟ್ಟಿದ್ದಳು. "ಅವರಪ್ಪನ ಫೋಟೋ. ಮಗು ದೊಡ್ಡದಾದ ಮೇಲೆ ಕೊಡಕ್ಕಾ."

ಬಂದರಿನ ಕ್ವಾರ್ಟರ್ಸಿನ ಜನರ ಬಾಯಿಗೆ ಬೆದರಿ ಶಾರದಮ್ಮ ಗಂಡನ ಕೆಲಸ ಬಿಡಿಸಿ ವಿಜಯವಾಡಕ್ಕೆ ಬಂದಳು. ಮಗುವನ್ನು ಮಾತ್ರ ಕೈಬಿಡಲಿಲ್ಲ. ತನ್ನ ತುತ್ತು ತೆಗೆದಿಟ್ಟು ಸಾಕಿದಳು, ಆ ಮಾತು ಸುಳ್ಳಲ್ಲ.

ಎರಡು ಸಾವಿರದ ಎಂಟರಲ್ಲಿ ಕಾಲೇಜಿನ ರಾಜ್ಯಲಕ್ಷ್ಮಿ ಮೇಡಂ ಅಮೂಲ್ಯಳಿಗೆ ಅಗಲ ಹಲ್ಲಿನ ಬಾಚಣಿಗೆ ಕೊಟ್ಟು, "ಈ ಸಲ ಬೆಳೆಯಲು ಬಿಡು. ಅಪ್ಪ ಹೇಗಿದ್ದರು ಅಂತ ಮನೆಯಲ್ಲಿ ಕೇಳು, ಅದು ನಿನ್ನ ಹಕ್ಕು" ಎಂದರು. ಹುಡುಗಿ ಬೇಸಿಗೆಯಲ್ಲಿ ಮುಡಿ ಕೊಡಲು ಹೊಳೆಯ ದಡಕ್ಕೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಶಾರದಮ್ಮ ಬೈದಳು, ಉಪವಾಸ ಕೂತಳು, ಏನೂ ನಡೆಯಲಿಲ್ಲ. ದೀಪಾವಳಿಯ ಹೊತ್ತಿಗೆ ಕೂದಲು ತಲೆತುಂಬ ಎದ್ದು ನಿಂತಿತ್ತು.

"ದೊಡ್ಡಮ್ಮಾ, ಅಪ್ಪನದು ಒಂದು ಫೋಟೋನಾದ್ರೂ ಇಲ್ವಾ? ಮುಖ ನೋಡ್ಬೇಕು, ಅಷ್ಟೇ."

ಎಷ್ಟು ವರ್ಷ ಅಂತ ಸುಳ್ಳು ಹೇಳುವುದು? ಶಾರದಮ್ಮನ ಎದೆ ಒಡೆದುಹೋಯಿತು.

"ಇತ್ತು ಕಣವ್ವಾ. ಮೊದಲ್ನೇ ಸಲ ನಿನ್ ತಲೆ ಬೋಳಿಸ್ದಾಗ ಕೂದ್ಲು ಜೊತೆಗೇ ಹೊಳೆಗೆ ಬಿಟ್ಬಿಟ್ಟೆ. ಲಕೋಟೆ ಒಡೆದೂ ನೋಡ್ಲಿಲ್ಲ."

"ಅವರನ್ನ ನೋಡೇ ಇಲ್ವಾ ನೀನು?"

"ನಿಮ್ಮಮ್ಮ ಹೋದ್ಮೇಲೆ ಒಂದ್ಸಲ ಬಾಗ್ಲಿಗೆ ಬಂದಿದ್ದ. ಟೋಪಿ ತೆಗೆದು, ತಲೆ ಬಗ್ಗಿಸಿ ನಿಂತ. ಕೂದ್ಲು ಹಿಂಗೇ ಇತ್ತು. ಅವನು ತಲೆ ಎತ್ತೋದ್ರೊಳಗೆ ಬಾಗ್ಲು ಹಾಕ್ಬಿಟ್ಟೆ."

ಅಮೂಲ್ಯ ಅಳಲಿಲ್ಲ. ಹತ್ತಿರ ಬಂದು ನೆಲದ ಮೇಲೆ ಕೂತು ಮುಖ ಎತ್ತಿ ಹಿಡಿದಳು.

"ನನ್ನ ಮುಖದಲ್ಲಿ ಅಮ್ಮಂದು ಯಾವ್ದು ಹೇಳು. ಉಳಿದಿದ್ದು ಅವರದು."

ಶಾರದಮ್ಮ ಬೆರಳಿಟ್ಟಳು. "ಹಣೆ ಸುಮಿತ್ರಾದು. ಹುಬ್ಬು ಅವಳ್ದೇ. ಕಣ್ಣೂ…" ಮೂಗಿನ ಹತ್ತಿರ ಬಂದು ಬೆರಳು ನಿಂತಿತು. ಅದರ ಕೆಳಗೆ ಸುಮಿತ್ರಾಳದು ಏನೂ ಇರಲಿಲ್ಲ.

ಅಮೂಲ್ಯ ದೊಡ್ಡಮ್ಮನ ಕೈಯನ್ನು ಮೆಲ್ಲಗೆ ಪಕ್ಕಕ್ಕಿಟ್ಟಳು. ಕಣ್ಣು ಮುಚ್ಚಿ, ಅಲ್ಲಿಂದ ಮುಂದಿನದನ್ನು ತನ್ನ ಬೆರಳಿನಿಂದ ತಾನೇ ಸವರಿಕೊಂಡಳು.