ಭಾವ ಕಟ್ಟಿದ ಹೆಲ್ಮೆಟ್

ಕಳೆದ ತಿಂಗಳು ಪುಣೆಯ ಹಿಂಜವಾಡಿಯ ಆಫೀಸಿನಿಂದ ಮನೆಗೆ ಬರುವಾಗ ನಮ್ಮ ಕಂಪನಿಯ ಕ್ಯಾಬು ಒಂದು ಗ್ಯಾರೇಜಿನ ಮುಂದೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಅಲ್ಲಿ ಯಾರೋ ಕಾರಿನ ಒಡೆದ ಬಂಪರಿಗೆ ಫೈಬರ್ ತೇಪೆ ಹಾಕುತ್ತಿದ್ದರು. ಆ ರೆಸಿನ್ ಅಂಟಿನ ವಾಸನೆ ನಿಮಗೆ ಗೊತ್ತಿದ್ದರೆ ಗೊತ್ತು: ಮೂಗಿಗಿಂತ ಮೊದಲು ಗಂಟಲಿಗೆ ತಾಗುತ್ತದೆ. ಪಕ್ಕದವಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ಇಳಿದು, ಉಳಿದ ದಾರಿಯನ್ನು ನಡೆದೇ ಮುಗಿಸಿದೆ.

ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಟೈಪಿಸ್ಟ್ ಕೆಲಸಕ್ಕೆಂದು ಪುಣೆಗೆ ಬಂದವಳು ಸುಮತಿ ಅಕ್ಕನ ಎರಡು ಕೋಣೆಯ ಮನೆಯಲ್ಲಿದ್ದೆ. ಭಾವ ಪಂಪಿನ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವರು. ಮಿತಭಾಷಿ. ಆದರೆ ಬಾಹ್ಯಾಕಾಶದ ಸಿನಿಮಾ ಬಂದರೆ ಸಾಕು, ಮೂರು ಸಲ ನೋಡುತ್ತಿದ್ದರು. ಕತ್ತಲಲ್ಲೇ ಪುಸ್ತಕದಲ್ಲಿ ಗೀಚುತ್ತಿದ್ದರು. ಆಮೇಲೆ ವಿಡಿಯೊ ಕ್ಯಾಸೆಟ್ ತಂದು, ನಡುಗುವ ಚಿತ್ರವನ್ನು ನಿಲ್ಲಿಸಿ, ಟಿವಿಯ ಗಾಜಿಗೇ ಸ್ಕೇಲು ಹಿಡಿಯುತ್ತಿದ್ದರು. ಹಾಗೆ ಅಳೆದು, ಸಿನಿಮಾದಲ್ಲಿದ್ದಂಥದ್ದೇ ವಸ್ತುವನ್ನು ಮನೆಯಲ್ಲಿ ಕಟ್ಟುವುದು ಅವರ ಹುಚ್ಚು. ಸ್ಕೂಟರಿನ ಹಿಂದಿನ ದೀಪ, ಬಚ್ಚಲಿನ ಪೈಪು, ಅಕ್ಕನ ಮಿಕ್ಸರಿನ ಮುಚ್ಚಳ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಂಡಿರಲಿಲ್ಲ.

ಆ ವರ್ಷ ಗಗನಯಾತ್ರಿಯ ಹೆಲ್ಮೆಟ್, ಫೈಬರಿಗೆ ರೆಸಿನ್ ಹಚ್ಚಿ ಮಾಡುವಂಥದ್ದು. ಸ್ಕೂಟರಿಗೇ ಹೆಲ್ಮೆಟ್ ಹಾಕದ ಊರು ನಮ್ಮದು. ಎದುರು ಮನೆಯ ಕಾಕಾ ಬಾಗಿಲಲ್ಲಿ ಇಣುಕಿ, “ಕಾಯ್ ಹೋ, ಚಂದ್ರಾವರ್ ಜಾಣಾರ್ ಕಾ?” ಎಂದು, ಚಂದ್ರನಿಗೇ ಹೊರಟಿರೇನು ಎಂಬಂತೆ ಮರಾಠಿಯಲ್ಲಿ ಚೇಷ್ಟೆ ಮಾಡುತ್ತಿದ್ದರು. ಅಕ್ಕನಿಗೆ ಉಬ್ಬಸ. “ಉಸಿರಾಡಲಿಕ್ಕೆ ಹಾಕ್ಕೊಳ್ಳೋ ಟೊಪಗಿ ಅಂತ ಇದು. ಇದನ್ನ ಮಾಡೂದ್ರಾಗ ನನ್ನ ಉಸಿರು ಹೋಗ್ತದ ನೋಡ್ರಿ,” ಎಂದು ನಗುತ್ತಿದ್ದಳು. ಭಾವ ಮಾತ್ರ ಒಂದು ನಿಯಮ ಮಾಡಿದ್ದರು. ರೆಸಿನ್ ಡಬ್ಬಿ ತೆರೆಯುವ ಮೊದಲು ಕಿಟಕಿಗಳೆಲ್ಲ ತೆರೆದಿರಬೇಕು, ಅಕ್ಕ ಕಾಕಾನ ಮನೆಗೆ ಹೋಗಿರಬೇಕು.

ನನ್ನ ಕೆಲಸ ಬಣ್ಣದ್ದು. ರಂಗೋಲಿ ಹಾಕಿದ ಕೈ ನಡುಗುವುದಿಲ್ಲವೆಂದು ನನಗೆ ಭಾರೀ ಜಂಬ. “ಹೊಸಾದು ಕಾಣಬಾರದು. ಹತ್ತು ವರ್ಷ ಆಕಾಶದಾಗ ತಿರುಗಿ ಬಂದದ ಇದು,” ಎನ್ನುತ್ತಿದ್ದರು ಭಾವ. ನಾನು ಎಂದೂ ಆಗದ ಅಪಘಾತಗಳ ಗೀರುಗಳನ್ನು ಸಣ್ಣ ಕುಂಚದಲ್ಲಿ ಬರೆಯುತ್ತಿದ್ದೆ.

ಓಣಿಯ ಗಣಪತಿ ಮಂಡಳದವರು ಅದನ್ನು ತಮ್ಮ ಪೆಂಡಾಲಿನ ಅಲಂಕಾರದ ದೃಶ್ಯದಲ್ಲಿ ಇಡಲು ಕೇಳಿದ್ದರು. ಸೋಮವಾರವೇ ಕೊಡಬೇಕು. ಭಾನುವಾರ ಮಧ್ಯಾಹ್ನ, ಭಾವ ಮುಖದ ಗಾಜಿಗೆ ಪ್ಲಾಸ್ಟಿಕ್ ಹಾಳೆ ತರಲು ಪೇಟೆಗೆ ಹೋಗಿದ್ದರು. ಅಕ್ಕ ಊಟ ಮಾಡಿ ಒಳಕೋಣೆಯಲ್ಲಿ ಮಲಗಿದ್ದಳು. ರೆಸಿನ್ನಿನ ಕೊನೆಯ ಪದರ ನಾನೇ ಹಚ್ಚಿ ಭಾವನನ್ನು ಬೆರಗುಗೊಳಿಸಬೇಕು ಅನಿಸಿತು. ಹೊರಗೆ ರಸ್ತೆ ಅಗೆಯುತ್ತಿದ್ದರು; ಹಸಿ ರೆಸಿನ್ ಮೇಲೆ ಧೂಳು ಕೂತರೆ ಕೆಟ್ಟೀತು. ಕಿಟಕಿ ಮುಚ್ಚಿದೆ. ಅಕ್ಕನನ್ನು ಎಬ್ಬಿಸಲಿಲ್ಲ. ಎಬ್ಬಿಸಿದರೆ ಬೇಡ ಎನ್ನುತ್ತಾಳೆಂದು ಗೊತ್ತಿತ್ತು.

ಕೆಲಸದಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಒಳಗಿನಿಂದ ಬಂದ ಸೀಟಿಯಂಥ ಸದ್ದನ್ನು ಮೊದಲು ಬೀದಿಯದೆಂದುಕೊಂಡೆ. ಓಡಿ ಹೋದಾಗ ಅಕ್ಕ ಮಂಚದ ಅಂಚು ಹಿಡಿದು ಕೂತಿದ್ದಳು, ತುಟಿ ನೀಲಿ. ಕಾಕಾ ರಿಕ್ಷಾ ತಂದರು. ಆಸ್ಪತ್ರೆಗೆ ಓಡಿಬಂದ ಭಾವ ಕೇಳಿದ್ದು ಒಂದೇ: “ಕಿಟಕಿ ತೆರೆದಿತ್ತಲ್ಲ?”

“ಹೌದ್ರಿ,” ಎಂದೆ.

ಮೂರನೆಯ ದಿನ ಅಕ್ಕ ಹೋದಳು.

ಊರಿಂದ ಬಂದ ನಮ್ಮವರೆಲ್ಲ ಭಾವನ ಹುಚ್ಚೇ ಅಕ್ಕನನ್ನು ಕೊಂದಿತು ಎಂದರು. ಅವ್ವ ಅವರ ಮುಖ ನೋಡುವುದನ್ನೇ ಬಿಟ್ಟಳು. ಭಾವ ಒಂದು ಮಾತೂ ಎದುರಾಡಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಸ್ವಲ್ಪ ದಿನಕ್ಕೆ ಅವರು ಮನೆ ಖಾಲಿ ಮಾಡಿ ದೌಂಡದ ಕಡೆ ಕೆಲಸ ಹಿಡಿದರು. ಮತ್ತೆ ಏನನ್ನೂ ಕಟ್ಟಲಿಲ್ಲವೆಂದು ಕೇಳಿದ್ದೆ.

ಕ್ಯಾಬಿನಿಂದ ಇಳಿದು ನಡೆದ ಆ ವಾರವೇ ರೈಲು ಹತ್ತಿ ದೌಂಡಕ್ಕೆ ಹೋದೆ. ಭಾವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರೇ ಚಹಾ ಮಾಡಿಕೊಟ್ಟರು. ಲೋಟ ಕೆಳಗಿಟ್ಟು ಎಲ್ಲ ಹೇಳಿದೆ.

“ಗೊತ್ತದ,” ಎಂದರು. “ಆಸ್ಪತ್ರ್ಯಾಗ ಅಕಿನೇ ಹೇಳಿದ್ಲು. ಸಣ್ಣಾಕಿ, ಏನೂ ಅನಬ್ಯಾಡ್ರಿ ಅಂದ್ಲು. ಅದಕ್ಕ ಅನ್ನಲಿಲ್ಲ.”

ನನಗೆ ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ.

“ನಿಮ್ಮವ್ವಗ ಹೇಳೀಯೇನು?”

“ಇಲ್ರಿ.”

“ಹಂಗಾರ ನನಗ್ಯಾಕ ಹೇಳ್ತಿ? ನನಗ ಗೊತ್ತಿದ್ದದ್ದು.”

ಬಾಗಿಲ ತನಕ ಬಂದರು; ಹೋಗಿ ಬಾ ಎನ್ನಲಿಲ್ಲ.

ಆಮೇಲೆ ಹಲವು ಸಲ ಫೋನ್ ಎತ್ತಿ ಇಟ್ಟಿದ್ದೇನೆ. ಅವ್ವನಿಗೆ ವಯಸ್ಸಾಯಿತು, ಈಗ ಹೇಳಿ ಏನು ಫಲ ಎಂಬ ನೆಪ ಕೈಯಳತೆಯಲ್ಲೇ ಇರುತ್ತದೆ. ಇಂದು ಬೆಳಿಗ್ಗೆ ಮಾತ್ರ ಪೂರ್ತಿ ನಂಬರು ಒತ್ತಿದೆ. ಅವ್ವ ಎಂದಿನಂತೆ, “ಆರಾಮ ಇದ್ದೀಯಿಲ್ಲೋ ಮಗಳ?” ಎಂದಳು.

“ಅವ್ವಾ,” ಎಂದೆ, “ಭಾವಂದು ಏನೂ ತಪ್ಪಿಲ್ಲ.”